ಬದುಕಿದ್ದ ಭಾವನ ಸೂತಕ

ಬದುಕಿದ್ದ ಮನುಷ್ಯರೊಬ್ಬರನ್ನು ನಾನು ಬಾಯಿಮಾತಿನಲ್ಲಿ ಸಾಯಿಸಿದೆ. ನಮ್ಮ ಯಜಮಾನರ ದೊಡ್ಡಪ್ಪನ ಮಗ, ನನಗೆ ಭಾವ ಆಗಬೇಕು — ಬ್ಯಾಡರಹಳ್ಳಿಯ ತಿಮ್ಮಯ್ಯನವರು. ಅವರು ತಮ್ಮ ಮನೆಯಲ್ಲಿ ಗಟ್ಟಿಮುಟ್ಟಾಗಿ ಕೂತು ಮುದ್ದೆ ಉಣ್ಣುತ್ತಿದ್ದ ಹೊತ್ತಿನಲ್ಲಿ, ಚಂದ್ರಾ ಲೇಔಟಿನ ನಮ್ಮ ಹಜಾರದಲ್ಲಿ ನಿಂತು ನಾನು ಸೆರಗಿನಿಂದ ಕಣ್ಣೊರೆಸಿಕೊಂಡು ಅವರ ಸಾವು ಹೇಳಿದೆ. ಯಾರೂ ನನಗೆ ಹಾಗೆಂದು ಹೇಳಿರಲಿಲ್ಲ. ನಾನು ತಪ್ಪಾಗಿ ಕೇಳಿಸಿಕೊಂಡೂ ಇರಲಿಲ್ಲ. ನಾನೇ ಕಟ್ಟಿದ್ದು. ನನ್ನ ಮೊಮ್ಮಗಳು ಶುಭಳನ್ನು ಮನೆಯಲ್ಲಿ ಉಳಿಸಿಕೊಳ್ಳಲು ಕಟ್ಟಿದ್ದು.

ಇದನ್ನು ಬರೆಯಲು ಕೂತಿರುವ ಇವತ್ತು ನನ್ನಷ್ಟು ಸಂತೋಷದ ಮುದುಕಿ ಈ ಬೀದಿಯಲ್ಲಿಲ್ಲ. ಎದೆಯೊಳಗೆ ಹಾಲು ಉಕ್ಕಿದ ಹಾಗೆ ಆಗುತ್ತಿದೆ. ತಪ್ಪು ಹೇಳಿಕೊಳ್ಳಲು ಇದೇ ಸರಿಯಾದ ಹೊತ್ತು ಅನ್ನಿಸಿತು. ದುಃಖದಲ್ಲಿದ್ದಾಗ ಹೇಳಿದರೆ ಕೇಳುವವರು ‘ಅಯ್ಯೋ ಪಾಪ’ ಎಂದು ಅರ್ಧಕ್ಕೇ ಬಿಟ್ಟುಬಿಡುತ್ತಾರೆ. ನನಗೆ ಆ ರಿಯಾಯಿತಿ ಬೇಡ. ನಾನು ಓದಿದ್ದು ನಾಲ್ಕನೇ ಕ್ಲಾಸು. ಒತ್ತಕ್ಷರ ತಪ್ಪಿದ್ದರೆ ಸೊಸೆ ಸುಮಿತ್ರ ತಿದ್ದುತ್ತಾಳೆ. ಅಕ್ಷರ ತಿದ್ದು, ವಿಷಯ ತಿದ್ದಬೇಡ ಎಂದಿದ್ದೇನೆ.

ಶುಭ ನನ್ನ ಮಗ ನಾಗರಾಜನ ಒಬ್ಬಳೇ ಮಗಳು. ಹುಟ್ಟಿದಾಗಿನಿಂದ ನನ್ನ ಪಕ್ಕದಲ್ಲೇ ಮಲಗಿ ಬೆಳೆದವಳು. ಅವಳಿಗೆ ಓಟದ ಹುಚ್ಚು ಯಾವಾಗ ಹತ್ತಿತೋ ಗೊತ್ತಿಲ್ಲ. ಕಾಲೇಜಿಗೆ ಸೇರುವಷ್ಟರಲ್ಲಿ ಬೆಳಿಗ್ಗೆ ಕತ್ತಲಿರುವಾಗಲೇ ಎದ್ದು ರಿಂಗ್ ರೋಡು ಹಿಡಿದು, ಮೈಸೂರು ರಸ್ತೆಗಿಳಿದು, ಕೆಂಗೇರಿಯವರೆಗೂ ಓಡಿ ವಾಪಸು ಬರುತ್ತಿದ್ದಳು. ಗೇಟಿನ ಹತ್ತಿರ ನಾನು ರಾಗಿ ಅಂಬಲಿ ಲೋಟ ಹಿಡಿದು ನಿಂತಿರುತ್ತಿದ್ದೆ. ಎದುರುಮನೆಯ ಪುಟ್ಟಲಿಂಗಮ್ಮ ಹಾಲಿಗೆ ಹೋಗುತ್ತ ಕೇಳುವಳು, “ಏನ್ ಜಯಮ್ಮಾ, ನಿನ್ ಮೊಮ್ಮಗಳ್ನ ದಿನಾ ಯಾವ್ ನಾಯಿ ಅಟ್ಟಿಸ್ಕೊಂಡ್ ಬರುತ್ತೆ?” ನಾನು, “ನಿಮ್ಮನೇದೇ ಕಣೇ, ಕಟ್ಟಾಕು” ಅನ್ನುವೆ. ಶುಭ ಮೂತಿಗೆ ಅಂಬಲಿ ಮೀಸೆ ಮಾಡಿಕೊಂಡು ನಗುವಳು. ಆ ಲೋಟ, ಆ ಮೀಸೆ — ನನ್ನ ದಿನ ಶುರುವಾಗುತ್ತಿದ್ದದ್ದೇ ಅದರಿಂದ.

ಡಿಗ್ರಿಯ ಕೊನೆಯ ವರ್ಷದಲ್ಲಿ ಅವಳನ್ನು ಒಂದು ಸಂಘದವರು ಆರಿಸಿಕೊಂಡರು. ಹೃದಯದಲ್ಲಿ ತೂತಿರುವ ಬಡವರ ಮಕ್ಕಳ ಆಪರೇಷನ್ನಿಗೆ ಹಣ ಕೂಡಿಸುವ ಓಟ. ಓಡುವುದು ಇಲ್ಲಲ್ಲ, ಹೊರದೇಶಗಳಲ್ಲಿ. ಜರ್ಮನಿಯಲ್ಲಿ ಶುರು, ಆಮೇಲೆ ಆಸ್ಟ್ರಿಯಾ, ಹಂಗೇರಿ, ರೊಮೇನಿಯಾ, ಬಲ್ಗೇರಿಯಾ, ಕೊನೆಗೆ ಟರ್ಕಿಯಲ್ಲಿ ಸಮುದ್ರದ ದಂಡೆ. ಈ ಹೆಸರುಗಳು ಆಗ ನನ್ನ ಬಾಯಿಗೆ ತಿರುಗುತ್ತಿರಲಿಲ್ಲ, ಈಗ ನಿದ್ದೆಯಲ್ಲೂ ಹೇಳುತ್ತೇನೆ. ಒಬ್ಬರು ಕೈಯಲ್ಲೊಂದು ಮರದ ಕೋಲು ಹಿಡಿದು ತಮ್ಮ ಪಾಲಿನ ದಾರಿ ಓಡಬೇಕು, ಮುಂದೆ ಕಾಯುತ್ತಿರುವವರ ಕೈಗೆ ಕೋಲು ಕೊಡಬೇಕು, ಅವರು ಓಡಬೇಕು. ಉಳಿದವರು ವ್ಯಾನಿನಲ್ಲಿ ಹಿಂದೆ. ಕೋಲು ಮಾತ್ರ ಎಲ್ಲೂ ವ್ಯಾನು ಹತ್ತಬಾರದು. ಓಡುವವರ ಕೈಯಲ್ಲೇ ದೇಶ ದಾಟಬೇಕು. ಊರೂರಿನ ಜನ ಹಣ ಕೊಟ್ಟು ಆ ಕೋಲಿಗೊಂದು ಬಣ್ಣದ ದಾರ ಕಟ್ಟುತ್ತಾರೆ. ಹಲವು ದೇಶಗಳ ಹುಡುಗ ಹುಡುಗಿಯರು. ಕೋಲನ್ನು ಮೊದಲು ಹಿಡಿದು ಹೊರಡುವವರು ಯಾರು ಎಂದು ಚೀಟಿ ಎತ್ತಿದಾಗ ಬಂದದ್ದು — ನಮ್ಮ ಶುಭಳ ಹೆಸರು.

ಆ ಸುದ್ದಿ ಕೇಳಿದ ದಿನ ಅವಳು ನನ್ನನ್ನು ಎತ್ತಿಕೊಂಡು ಒಂದು ಸುತ್ತು ತಿರುಗಿಸಿದಳು. “ಅಜ್ಜಿ, ಫಸ್ಟು ನಾನೇ ಕಣೇ! ನಾನು ಹೆಜ್ಜೆ ಇಟ್ಮೇಲೇನೇ ಓಟ ಶುರು!” ಪೇಪರಿನವರು ಬಂದು ಫೋಟೋ ತೆಗೆದುಕೊಂಡು ಹೋದರು. ನಾನೂ ನಕ್ಕೆ. ಬೀದಿಗೆಲ್ಲ ಸಕ್ಕರೆ ಹಂಚಿದೆ. ಒಳಗೆ ಮಾತ್ರ ಏನೋ ಒಂದು ತಣ್ಣಗೆ ಕೂತುಕೊಂಡಿತು.

ಗುರುವಾರ ಅವಳ ವಿಮಾನ. ಸೋಮವಾರ ನಾನು ವಿಜಯನಗರದ ಮಾರ್ಕೆಟ್ಟಿಗೆ ಹೋಗಿ ಸೊಪ್ಪು ತರಕಾರಿ ತಂದೆ. ಬಾಗಿಲು ದಾಟುವಾಗ ಹಜಾರದ ನಡುವೆ ಅವಳ ಚೀಲ ಬಾಯಿ ತೆರೆದುಕೊಂಡಿತ್ತು. ಹೊಸ ಶೂ ಎರಡನ್ನೂ ಬಟ್ಟೆಯ ಮೇಲೆ ಜೋಡಿಸಿಟ್ಟಿದ್ದಳು — ಮಗುವನ್ನು ಮಲಗಿಸಿದ ಹಾಗೆ. ನೋಡಿದೆ. ತರಕಾರಿ ಚೀಲ ಕೆಳಗಿಟ್ಟೆ. ಬಾಯಿಂದ ಮಾತು ತಾನಾಗಿ ಬಂತು ಎಂದು ಬರೆಯಲು ಹೊರಟಿದ್ದೆ — ಅದೂ ಸುಳ್ಳೇ. ಬಸ್ಸಿನಲ್ಲಿ ಬರುವಾಗಲೇ ಜೋಡಿಸಿಕೊಂಡಿದ್ದೆ.

“ನಾಗರಾಜ, ಬ್ಯಾಡರಹಳ್ಳಿ ಭಾವ ಹೋಗ್ಬಿಟ್ರಂತೆ ಕಣಪ್ಪ.”

ಆ ಭಾವನನ್ನೇ ಯಾಕೆ ಆರಿಸಿದೆ ಎಂದು ಹೇಳಬೇಕು, ಏಕೆಂದರೆ ನನ್ನ ಕೆಟ್ಟತನದ ಹದ ಅಲ್ಲೇ ಇದೆ. ಅವರ ಮನೆಗೂ ನಮ್ಮ ಮನೆಗೂ ಮಾತು ಬಿಟ್ಟು ಇಪ್ಪತ್ತು ವರ್ಷದ ಹತ್ತಿರ ಆಗಿತ್ತು. ನಮ್ಮತ್ತೆಯ ತಿಥಿ ಊಟದಲ್ಲಿ ಅವರ ಎಲೆ ಎರಡನೇ ಪಂಕ್ತಿಗೆ ಬಿತ್ತು ಎಂದು ಎದ್ದು ಹೋದವರು ಮತ್ತೆ ನಮ್ಮ ಹೊಸಿಲು ತುಳಿದಿರಲಿಲ್ಲ. ಯಜಮಾನರು ತೀರಿಕೊಂಡಾಗಲೂ ಸ್ಮಶಾನಕ್ಕೆ ಬಂದು ಹಾಗೇ ಹೋದರು. ಆದರೆ ದಾಯಾದಿ ದಾಯಾದಿಯೇ. ಮಾತು ಬಿಟ್ಟರೂ ಸೂತಕ ಬಿಡುವುದಿಲ್ಲ. ಅವರ ಮನೆಯಲ್ಲಿ ಸಾವಾದರೆ ನಮ್ಮ ಮನೆಯಲ್ಲಿ ಹನ್ನೊಂದು ದಿನ ದೇವರ ದೀಪ ಹಚ್ಚುವ ಹಾಗಿಲ್ಲ, ಮಂಗಳ ಕಾರ್ಯಕ್ಕೆ ಹೊರಡುವ ಹಾಗಿಲ್ಲ. ಜೊತೆಗೆ — ಮಾತಿಲ್ಲದ ಮನೆಯಾದ್ದರಿಂದ ಯಾರೂ ಹೋಗಿ ವಿಚಾರಿಸುವುದೂ ಇಲ್ಲ. ಸೂತಕ ಬರುತ್ತದೆ, ಸುದ್ದಿ ಬರುವುದಿಲ್ಲ. ಅಂಥ ಮನುಷ್ಯ ನಮ್ಮ ವಂಶದಲ್ಲಿ ಅವರೊಬ್ಬರೇ.

“ಯಾವಾಗಂತೆ? ಮಣ್ಣು ಎಲ್ಲಿ?” ನಾಗರಾಜ ಕೇಳಿದ.

“ಎದೆನೋವಂತೆ. ಮಗಳ ಊರಲ್ಲಿ ಇದ್ರಂತೆ, ಅಲ್ಲೇ ಎಲ್ಲಾ ಮುಗಿಸಿದಾರಂತೆ. ಮಾರ್ಕೆಟ್ಟಲ್ಲಿ ಅವರ ಕಡೆಯೋರು ಯಾರೋ ಸಿಕ್ಕಿ ಹೇಳಿದ್ರು.”

“ನಮಗೆ ಒಂದ್ ಮಾತು ಹೇಳಿ ಕಳಿಸ್ಲಿಲ್ಲ ನೋಡು. ನಾನ್ಯಾಕ್ ಹೋಗ್ಲಿ ಆ ಮನೆಗೆ?” ಎಂದ. ಈ ಮಾತು ಅವನು ಹೇಳೇ ಹೇಳುತ್ತಾನೆಂದು ನನಗೆ ಗೊತ್ತಿತ್ತು. ಮಗನ ಬಿಗುಮಾನದ ಮೇಲೇ ನನ್ನ ಸುಳ್ಳಿನ ಗೋಡೆ ಎದ್ದು ನಿಂತಿತ್ತು.

ಎಲ್ಲರೂ ತಲೆಗೆ ಸ್ನಾನ ಮಾಡಿದೆವು. ಶುಭ ಒದ್ದೆ ಕೂದಲು ಬಿಟ್ಟುಕೊಂಡು ಬಂದು ನನ್ನ ಮುಂದೆ ಮಂಡಿಯೂರಿದಳು. “ಅಜ್ಜಿ, ಆ ತಾತನ ಮುಖಾನೇ ನಾನು ನೋಡಿಲ್ಲ. ಮೂರು ದಿನಕ್ಕೇ ಮುಗಿಸೋ ಹಾಗಿಲ್ವಾ? ಏನಾದ್ರೂ ಶಾಂತಿ ಮಾಡ್ಸೋಣ…”

ನಾಗರಾಜನೇ ಉತ್ತರ ಕೊಟ್ಟ. “ಸೂತಕದಲ್ಲಿ ಸಮುದ್ರ ದಾಟೋದಾ? ಹೋದ ಕಡೆ ಏನಾದ್ರೂ ಆದ್ರೆ?” ಅವನಿಗೂ ಒಳಗೊಳಗೇ ಭಯವಿತ್ತು, ಅದಕ್ಕೆ ಮಡಿಬಟ್ಟೆ ಉಡಿಸಲು ನಾನು ಒಂದು ನೆಪ ಕೊಟ್ಟಂತಾಯಿತು. ಶುಭ ನನ್ನ ಮುಖ ನೋಡಿದಳು. ಅವಳಿಗಾಗಿ ನಾನು ಯಾವತ್ತೂ ಅವಳಪ್ಪನ ಹತ್ತಿರ ವಾದ ಮಾಡಿ ಗೆದ್ದವಳು — ಪ್ಯಾಂಟು ಹಾಕುವುದಕ್ಕೆ, ಬೆಳಿಗ್ಗೆ ಒಬ್ಬಳೇ ಓಡುವುದಕ್ಕೆ. ಅವತ್ತು ನಾನು ಕಣ್ಣು ತಗ್ಗಿಸಿದೆ. ಅವಳು ಎದ್ದು ಚೀಲದಿಂದ ಶೂ ತೆಗೆದು ಗೋಡೆಯ ಮೊಳೆಗೆ ನೇತುಹಾಕಿದಳು. ನಾನು ದೇವರ ಮನೆಗೆ ಹೋಗಿ ಉರಿಯುತ್ತಿದ್ದ ದೀಪವನ್ನು ಹೂವಿನಿಂದ ಆರಿಸಿದೆ. ಸುಳ್ಳಿಗಾಗಿ ದೀಪ ಆರಿಸಿದ ಕೈ ಇದು, ಈಗ ಪೆನ್ನು ಹಿಡಿದಿರುವ ಇದೇ ಕೈ.

ಯಾಕೆ ಮಾಡಿದೆ? ಮೊದಮೊದಲು ನನಗೆ ನಾನೇ ಹೇಳಿಕೊಂಡೆ — ಹೆಣ್ಣುಮಗು, ಗೊತ್ತಿಲ್ಲದ ದೇಶದ ರಸ್ತೆ, ಲಾರಿಗಳು, ಚಳಿ. ಆಮೇಲೆ ಹೇಳಿಕೊಂಡೆ — ನಾಳೆ ಮದುವೆಗೆ ನೋಡಲು ಬಂದವರು ಏನಂದಾರು. ಇವೆಲ್ಲ ಮೇಲಿನ ಸಿಪ್ಪೆ. ಸುಲಿದು ಸುಲಿದು ನೋಡಿದರೆ ಒಳಗಿದ್ದದ್ದು ಒಂದೇ — ಎರಡು ತಿಂಗಳು ಅಂಬಲಿ ಲೋಟ ಹಿಡಿದು ಯಾರಿಗೆ ಕಾಯಲಿ ಎಂಬುದು. ಅವಳಿಗೆ ಏನಾದರೂ ಆದೀತೆಂದಲ್ಲ, ನನಗೆ ಏನಾದೀತೆಂದು. ಪ್ರೀತಿ ಎಂದು ಇದನ್ನು ಕರೆಯಬಹುದೇನೋ. ಹಾಗೆ ಕರೆದ ದಿನ ನಾನು ಇನ್ನೊಂದು ಸಲ ಸುಳ್ಳು ಹೇಳಿದ ಹಾಗೆ.

ಗುರುವಾರ ಸಂಜೆ ಅವಳು ಮಹಡಿಯ ಮೇಲೆ ಒಣಗಿದ ಬಟ್ಟೆ ತೆಗೆಯುತ್ತಿದ್ದಳು. ನಾನು ಪಕ್ಕದಲ್ಲಿ ಮಡಚುತ್ತಿದ್ದೆ. ಆಕಾಶದಲ್ಲಿ ವಿಮಾನವೊಂದು ಹೋಯಿತು. ಅವಳದ್ದೋ ಬೇರೆ ಯಾವುದೋ. ಅವಳು ತಲೆಯೆತ್ತಿ, ಅದು ಚುಕ್ಕಿಯಾಗುವವರೆಗೂ ನೋಡಿದಳು. ಅಳಲಿಲ್ಲ. “ಅಜ್ಜಿ, ಈ ಲಂಗ ಇನ್ನೂ ಹಸಿ ಇದೆ” ಎಂದು ಮತ್ತೆ ತಂತಿಯ ಮೇಲೆ ಹಾಕಿದಳು. ಆಗ ಹೇಳಬಹುದಿತ್ತು. ಬಾಯಿ ತೆರೆದೆ ಕೂಡ. ಮಡಚಿದ್ದ ಸೀರೆಯನ್ನೇ ಬಿಡಿಸಿ ಇನ್ನೊಂದು ಸಲ ಮಡಚಿದೆ.

ಮಾರನೆಯ ದಿನ, ಶುಕ್ರವಾರ ಬೆಳಿಗ್ಗೆ, ನಾನು ಗೇಟಿನ ಮುಂದೆ ನೀರು ಹಾಕುತ್ತಿದ್ದೆ. ಸೂತಕವಾದ್ದರಿಂದ ರಂಗೋಲಿ ಇಲ್ಲ. ಬೀದಿಯ ತುದಿಯಿಂದ ಒಬ್ಬರು ಬಿಳಿ ಪಂಚೆ, ಕೈಯಲ್ಲೊಂದು ಪೊಟ್ಟಣ, ಮನೆ ನಂಬರು ನೋಡಿಕೊಂಡು ಬರುತ್ತಿದ್ದರು. ನಡಿಗೆ ನೋಡಿದ ತಕ್ಷಣ ಗೊತ್ತಾಯಿತು. ನಮ್ಮ ಯಜಮಾನರದ್ದೂ ಅದೇ ನಡಿಗೆ, ಎಡಗಾಲು ಸ್ವಲ್ಪ ಹೊರಕ್ಕೆ. ಬಕೆಟ್ಟು ಕೈಯಿಂದ ಜಾರಿತು.

ತಿಮ್ಮಯ್ಯ ಭಾವ ಗೇಟಿಗೆ ಬಂದು ನಿಂತರು. ಇಪ್ಪತ್ತು ವರ್ಷದ ಬಿಗುಮಾನ ನುಂಗಿಕೊಂಡು ಬಂದವರ ಮುಖ ಹೇಗಿರುತ್ತದೆ, ಹಾಗೆ. “ಏನಮ್ಮ ಜಯಮ್ಮ, ಚೆನ್ನಾಗಿದೀಯಾ? ಪೇಪರ್‌ನಲ್ಲಿ ಮಗೀನ ಫೋಟೋ ನೋಡ್ದೆ. ನಮ್ಮನೇಲಿ ಓದಿ ಹೇಳಿದ್ರು, ನಾಗರಾಜನ್ ಮಗಳು ಅಂತ. ನಮ್ಮನೆ ಹುಡುಗಿ ದೇಶ ದೇಶ ಓಡ್ತಾಳಂತೆ, ನಾನು ಎಲೆ ಪಂಕ್ತಿ ಅಂತ ಕೂತಿದ್ರೆ ಆಗುತ್ತಾ? ಅಲ್ಲಿ ಚಳಿಯಂತೆ, ಒಂದು ಉಲ್ಲನ್ ಮಫ್ಲರ್ ತಂದೆ. ಇನ್ನೂ ಹೊರಟಿಲ್ಲ ತಾನೇ?”

ಒಳಗಿನಿಂದ ಯಾರಾದರೂ ಬಂದರೆ ಮುಗಿಯಿತು. ತಲೆ ಮೇಲೆ ಸೆರಗೆಳೆದುಕೊಂಡು ಹೇಳಿದೆ —

“ಭಾವ, ನೀವು ಸತ್ತೋಗಿದೀರಿ.”

ಭಾವ ಕೇಳಿದರು, “ಯಾವತ್ತು?”

“ಸೋಮವಾರ.”

“ಏನಾಗಿ?”

“ಎದೆನೋವು.”

“ಪರವಾಗಿಲ್ಲ, ಜಾಸ್ತಿ ನರಳ್ಲಿಲ್ಲ” ಎಂದರು. ಆಮೇಲೆ ರಂಗೋಲಿಯಿಲ್ಲದ ಬಾಗಿಲು ನೋಡಿದರು. ಮನೆಯೊಳಗೆ ಮೊಳೆಗೆ ತೂಗುತ್ತಿದ್ದ ಶೂ ಗೇಟಿನಿಂದಲೇ ಕಾಣುತ್ತಿತ್ತು, ಅದನ್ನೂ ನೋಡಿದರು. ಅವರ ಮುಖದ ತಮಾಷೆ ಇಳಿಯಿತು. “ಸೂತಕ ಅಂತ ಮಗೀನ ನಿಲ್ಲಿಸಿದ್ಯಾ?”

ನಾನು ತಲೆಯಾಡಿಸಿದೆ.

“ವಿಮಾನ?”

“ನೆನ್ನೆ ಹೋಯ್ತು.”

ಅವರು ಪೊಟ್ಟಣವನ್ನು ಗೇಟಿನ ಕಂಬದ ಮೇಲಿಟ್ಟರು. ಬೈದಿದ್ದರೆ ಚೆನ್ನಾಗಿತ್ತು. “ನನ್ನ ಸಾಯ್ಸಿದ್ದಕ್ಕೆ ನಂಗೆ ಬೇಜಾರಿಲ್ಲ ಕಣಮ್ಮ. ವಯಸ್ಸಾಗಿದೆ, ಇವತ್ತೋ ನಾಳೆಯೋ. ಆ ಮಗೀಗೆ ಏನ್ ಮಾಡ್ದೆ ನೀನು” ಎಂದರು. “ಈಗ ಒಳಗೋಗಿ, ಸತ್ತಿಲ್ಲ ಅಂತ ಹೇಳು. ನಾನೇ ಸೀದಾ ನುಗ್ಗಿದ್ರೆ ಹೆಣ ಎದ್ದು ಬಂತು ಅಂತ ನಿನ್ ಸೊಸೆ ಕಿರುಚ್ಕೋತಾಳೆ. ಆದ್ರೆ ಒಂದು. ಮಗು ಓಡಿ ವಾಪಸ್ ಬಂದ್ಮೇಲೆ ನಿಜ ನೀನೇ ಹೇಳ್ಬೇಕು. ನಾನು ಹೇಳಲ್ಲ.”

“ಹೇಳ್ತೀನಿ ಭಾವ” ಎಂದೆ.

ಒಳಗೆ ಹೋಗಿ ಏನು ಹೇಳಿದೆ? ನಿಜ ಹೇಳಲಿಲ್ಲ. “ಸುದ್ದಿ ತಪ್ಪಂತೆ ಕಣೋ! ಬೇರೆ ಯಾರೋ ತಿಮ್ಮಯ್ಯ ಅಂತೆ! ಭಾವ ಗೇಟಲ್ಲೇ ನಿಂತಿದಾರೆ!” ಎಂದು ಕೂಗಿದೆ. ಅಲ್ಲಿಂದ ಮುಂದೆ ನಡೆದದ್ದು ನೆನೆದರೆ ಈಗಲೂ ನಗು ಬರುತ್ತದೆ. ನಾಗರಾಜ ಬನಿಯನ್ನಿನಲ್ಲೇ ಓಡಿಹೋಗಿ ಭಾವನ ಕಾಲು ಹಿಡಿದ. ಸುಮಿತ್ರ ಅಳುತ್ತ ನಗುತ್ತ ಬಾಗಿಲು ತೊಳೆದು ರಂಗೋಲಿ ಹಾಕಿದಳು. ಪುಟ್ಟಲಿಂಗಮ್ಮ ಬಂದು, “ಸುಳ್ಳು ಸಾವಿನ ಸುದ್ದಿ ಬಂದ್ರೆ ಆಯಸ್ಸು ಹೆಚ್ಚಾಗುತ್ತೆ, ಇನ್ನು ನೂರು ವರ್ಷ ಯಾವ ಯಮನೂ ಮುಟ್ಟಲ್ಲ” ಎಂದು ಸಾರಿದಳು. ಮಧ್ಯಾಹ್ನ ಊಟಕ್ಕೆ ಭಾವನ ಎಲೆ ಮೊದಲು ಹಾಕಿದೆ. ಅವರು ಎಲೆಯ ಮುಂದೆ ಕೂತು ನನ್ನ ಕಡೆ ನೋಡಿ, “ಸತ್ಮೇಲೆ ಫಸ್ಟ್ ಪಂಕ್ತಿ ಸಿಕ್ತು” ಎಂದರು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಆ ಮಾತಿನ ಒಳಗು ನನಗೊಬ್ಬಳಿಗೇ ಗೊತ್ತು.

ಶುಭ ಸಂಘದವರಿಗೆ ಫೋನು ಮಾಡಿದಳು. ಪುಣ್ಯಾತ್ಮರು ಬೇರೆ ಟಿಕೆಟ್ಟು ಮಾಡಿಸಿಕೊಟ್ಟರು. ಅದು ಸಿಗುವ ಹೊತ್ತಿಗೆ ಓಟ ಜರ್ಮನಿ ದಾಟಿತ್ತು. ಕೋಲನ್ನು ಮೊದಲು ಹಿಡಿದು ಹೊರಟದ್ದು ಬೇರೆ ದೇಶದ ಇನ್ಯಾವುದೋ ಹುಡುಗಿ. ಶುಭ ಸೇರಿಕೊಂಡದ್ದು ಆಸ್ಟ್ರಿಯಾದಲ್ಲಿ. “ಏನಾಯ್ತು ಬಿಡಜ್ಜಿ, ಮಧ್ಯದಿಂದ ಓಡಿದ್ರೂ ಓಟಾನೇ” ಎಂದಳು, ನನ್ನನ್ನು ಸಮಾಧಾನ ಮಾಡಲು. ನನ್ನನ್ನು!

ಆ ಎರಡು ತಿಂಗಳು ನಮ್ಮ ಮನೆ ಹಬ್ಬದ ಮನೆ. ಭಾವ ವಿಜಯನಗರದ ಅಂಗಡಿಯಿಂದ, ಶಾಲೆಯ ಗೋಡೆಗೆ ಹಾಕುವಂಥ ದೊಡ್ಡ ನಕ್ಷೆ ತಂದು ಹಜಾರದಲ್ಲಿ ನೇತುಹಾಕಿದರು. ಶುಭ ಯಾವ ಊರಿನಿಂದ ಫೋನು ಮಾಡಿದರೂ ಮಾರನೆಯ ಬೆಳಿಗ್ಗೆ ಬ್ಯಾಡರಹಳ್ಳಿಯಿಂದ ಬಸ್ಸು ಹತ್ತಿ ಬರುವರು. ಕುಂಕುಮವನ್ನು ಹರಳೆಣ್ಣೆಯಲ್ಲಿ ಕಲಸಿ, ಬೆರಳ ತುದಿಯಿಂದ ಆ ಜಾಗಕ್ಕೊಂದು ಬೊಟ್ಟು ಇಡುವರು. ಬಲ್ಗೇರಿಯಾಕ್ಕೆ ಬೊಟ್ಟಿಟ್ಟು ಕೈಮುಗಿದದ್ದೂ ಉಂಟು.

ಶುಭ ಫೋನಿನಲ್ಲಿ ಹೇಳುತ್ತಿದ್ದದ್ದನ್ನು ನಾವು ಬೀದಿಗೆಲ್ಲ ಹೇಳುತ್ತಿದ್ದೆವು. ಶಾಲೆಗಳಲ್ಲಿ, ಚರ್ಚುಗಳಲ್ಲಿ ನೆಲದ ಮೇಲೆ ಮಲಗುವುದು. ಬ್ರೆಡ್ಡು, ಆಲೂಗೆಡ್ಡೆ, ಮತ್ತೆ ಬ್ರೆಡ್ಡು. ಹಂಗೇರಿಯಲ್ಲಿ ಜೊತೆಯ ಹುಡುಗನಿಗೆ ಜ್ವರ ಬಂದು ಅವನ ಪಾಲನ್ನೂ ಇವಳೇ ಓಡಿದ್ದು, ಕಾಲಿನಲ್ಲಿ ಬೊಬ್ಬೆ ಎದ್ದದ್ದು. ರೊಮೇನಿಯಾದ ಒಂದು ಹಳ್ಳಿಯಲ್ಲಿ ತಲೆಗೆ ಕರಿ ಬಟ್ಟೆ ಕಟ್ಟಿದ ಮುದುಕಿಯೊಬ್ಬಳು ಬೇಲಿಯ ಬಾಗಿಲಲ್ಲಿ ಲೋಟ ಹಿಡಿದು ನಿಂತಿದ್ದಳಂತೆ. “ನೀರು ಅಂದ್ಕೊಂಡೆ ಅಜ್ಜಿ. ಹುಳಿ ಮಜ್ಜಿಗೆ! ಕುಡಿದು ಮೀಸೆ ಬಂತು. ಅವಳು ತನ್ನ ತಲೆಬಟ್ಟೆ ತುದೀಲೇ ಒರೆಸಿದ್ಲು ಕಣೇ. ನೀನೇ ಅಲ್ಲಿಗೆ ಬಂದಿದೀಯಾ ಅನ್ನಿಸ್ತು.” ನಾನು ಫೋನು ಹಿಡಿದುಕೊಂಡು ಅತ್ತೆ. ಸಂತೋಷಕ್ಕೆ ಅಂದುಕೊಂಡರು ಎಲ್ಲರೂ. ಲೋಟ ಹಿಡಿದು ನಿಂತ ಆ ಮುದುಕಿ ಯಾರನ್ನೂ ಹಿಡಿದು ನಿಲ್ಲಿಸಲಿಲ್ಲ. ಕುಡಿಸಿದಳು, ಕಳಿಸಿದಳು. ನಾನು…

ಒಂದು ದಿನ ಚಿಕ್ಕ ಹುಡುಗಿಯಂತೆ ಉತ್ಸಾಹದಿಂದ ನಾನೇ ಭಾವನಿಗೆ ಹೇಳಿದೆ, “ಜರ್ಮನಿಗೂ ಒಂದು ಇಟ್ಬಿಡಿ ಭಾವ, ಬೋಳಾಗಿ ಕಾಣುತ್ತೆ.” ಅವರು ನನ್ನ ಮುಖವನ್ನೇ ನೋಡಿದರು. “ಅಲ್ಲಿ ಮಗು ಓಡಿಲ್ಲ ಕಣಮ್ಮ. ಓಡದ ಜಾಗಕ್ಕೆ ಕುಂಕುಮ ಇಡ್ಬಾರ್ದು.” ಆ ಬೋಳು ಜಾಗ ಅಲ್ಲಿಂದ ಇಲ್ಲಿಯವರೆಗೂ ನಮ್ಮ ಹಜಾರದಲ್ಲಿದೆ. ಬಂದವರೆಲ್ಲ ಕೆಂಪು ಬೊಟ್ಟು ನೋಡಿ ಹೊಗಳುತ್ತಾರೆ. ನನ್ನ ಕಣ್ಣು ಹೋಗುವುದು ಅದರ ಪಕ್ಕಕ್ಕೆ.

ಶುಭ ಸಮುದ್ರದ ದಂಡೆ ಮುಟ್ಟಿ ವಾಪಸು ಬಂದಳು. ಮಫ್ಲರು ಬಣ್ಣ ಹೋಗಿ ಚಿಂದಿಯಾಗಿತ್ತು, ಅವಳು ಕಬ್ಬಿಣದ ಹಾಗಾಗಿದ್ದಳು. ಅವತ್ತೇ ಹೇಳಬೇಕಿತ್ತು. ನಾಳೆ ಎಂದುಕೊಂಡೆ. ಅವಳ ಪರೀಕ್ಷೆ ಮುಗಿಯಲಿ, ಕೆಲಸ ಸಿಗಲಿ, ಮದುವೆ ಆಗಲಿ, ಬಾಣಂತನ ಕಳೆಯಲಿ… ಹೇಳಲು ಹೊರಟಾಗಲೆಲ್ಲ ಯಾರಾದರೊಬ್ಬರು, “ನಮ್ ಜಯಮ್ಮ ತಂದ ಸುಳ್ ಸುದ್ದಿಯಿಂದ ಮುರಿದ ಮನೆ ಎರಡೂ ಒಂದಾಯ್ತು” ಎಂದು ಕೊಂಡಾಡುವರು. ಕೆಟ್ಟ ಗಿಡದಲ್ಲಿ ಸಿಹಿಹಣ್ಣು ಬಿಟ್ಟರೆ ಅದನ್ನು ನೆಟ್ಟವರು ಯಾಕೆ ನೆಟ್ಟರೆಂದು ಯಾರು ಕೇಳುತ್ತಾರೆ? ನಾನೂ ಆ ಹಣ್ಣು ತಿಂದೆ, ರುಚಿಯಾಗಿಯೇ ತಿಂದೆ.

ಭಾವ ಮಾತು ಉಳಿಸಿಕೊಂಡರು. ಯಾರಿಗೂ ಹೇಳಲಿಲ್ಲ. ಆದರೆ ಬಂದಾಗಲೆಲ್ಲ, ಕಾಫಿ ಲೋಟ ತೆಗೆದುಕೊಳ್ಳುತ್ತ ಮೆಲ್ಲಗೆ ಕೇಳುವರು. “ಜಯಮ್ಮ, ನಾನು ಬದುಕಿದೀನೋ, ಇನ್ನೂ ಸತ್ತೇ ಇದೀನೋ?” ವರ್ಷಗಳು ಹೋದ ಹಾಗೆ ಅವರ ಕೈ ನಡುಗಲು ಶುರುವಾಯಿತು. ಈ ಸಲ ಯುಗಾದಿಗೆ ಬಂದವರು, “ನಾನ್ ನಿಜವಾಗ್ಲೂ ಸಾಯೋದ್ರೊಳಗೆ ಹೇಳ್ಬಿಡು ತಾಯಿ. ಆಮೇಲೆ ಸಾಕ್ಷಿನೂ ಇರಲ್ಲ, ನೀನ್ ಹೇಳಿದ್ರೂ ಯಾರೂ ನಂಬಲ್ಲ” ಎಂದರು.

ಅದಾದ ಸ್ವಲ್ಪ ದಿನಕ್ಕೇ ಶುಭಳಿಗೆ ಮತ್ತೆ ಕರೆ ಬಂತು. ಅದೇ ಓಟ, ಅದೇ ದಾರಿ. ಅವಳೀಗ ಶಾಲೆಯಲ್ಲಿ ಆಟದ ಟೀಚರು, ಮೂರು ವರ್ಷದ ಮಗಳ ತಾಯಿ, ರಾಜರಾಜೇಶ್ವರಿನಗರದಲ್ಲಿ ಮನೆ. ಅವಳ ಗಂಡನೇ, “ಮಗೂನ ನಾನ್ ನೋಡ್ಕೋತೀನಿ, ಹೋಗು” ಎಂದನಂತೆ. ಹೊರಡುವ ಮೊದಲಿನ ಭಾನುವಾರ ಎಲ್ಲರೂ ನಮ್ಮ ಮನೆಯಲ್ಲಿ ಸೇರಿದ್ದರು. ಭಾವ ನಕ್ಷೆಯ ಕೆಳಗೆ ಕೂತಿದ್ದರು. ಶುಭ ಹಜಾರದ ನಡುವೆ ಚೀಲ ತುಂಬುತ್ತಿದ್ದಳು. ಶೂ ಎರಡನ್ನೂ ಬಟ್ಟೆಯ ಮೇಲೆ ಮಲಗಿಸಿದಳು.

ಇನ್ನು ತಡೆಯಲಾಗಲಿಲ್ಲ. “ಶುಭ, ಅವತ್ತು ತಾತ ಸತ್ರು ಅಂತ ನಂಗೆ ಯಾರೂ ಹೇಳಿರ್ಲಿಲ್ಲ ಕಣೇ. ನಿನ್ನ ನಿಲ್ಲಿಸೋಕೆ ನಾನೇ ಕಟ್ಟಿದ್ದು.”

“ಏನಜ್ಜಿ, ತಮಾಷೆನಾ?” ಎಂದು ನಕ್ಕಳು. ಭಾವನ ಕಡೆ ನೋಡಿದಳು. ಅವರು ನಗಲಿಲ್ಲ. ಅವಳ ನಗು ನಿಧಾನವಾಗಿ ಹಿಂದಕ್ಕೆ ಹೋಯಿತು.

“ವಿಮಾನ ಹೋದಾಗ ನೀನು ನನ್ ಪಕ್ಕದಲ್ಲೇ ಇದ್ದೆ ಅಜ್ಜಿ.”

“ಇದ್ದೆ.”

“ಆವಾಗ್ಲೂ ಹೇಳ್ಲಿಲ್ಲ.”

“ಹೇಳ್ಲಿಲ್ಲ.”

ನಾಗರಾಜ, “ಹೋಗ್ಲಿ ಬಿಡೇ, ಅದ್ರಿಂದಾನೇ ಅಲ್ವಾ ದೊಡ್ಡಪ್ಪ ನಮ್ಮನೆಗೆ…” ಎಂದ. “ಅಪ್ಪ, ನೀವು ಸುಮ್ನಿರಿ” ಎಂದಳು. ಮಲಗಿಸಿದ್ದ ಶೂ ತೆಗೆದು ಕಾಲಿಗೆ ಹಾಕಿ, ದಾರ ಬಿಗಿದು, ಯಾರ ಮುಖವನ್ನೂ ನೋಡದೆ ಹೊರಟುಹೋದಳು. ಬೀದಿಯ ತುದಿಯಲ್ಲಿ ತಿರುಗುವವರೆಗೆ ಅವಳ ಜಡೆ ಎಡಕ್ಕೂ ಬಲಕ್ಕೂ ಹೊಡೆದುಕೊಳ್ಳುವುದು ಕಾಣುತ್ತಿತ್ತು.

ನಾನು ಅಡುಗೆಮನೆಗೆ ಹೋಗಿ ಅಂಬಲಿ ಕಾಯಿಸಿದೆ. ಲೋಟ ಹಿಡಿದು ಗೇಟಿನಲ್ಲಿ ನಿಂತೆ. ಕುಡಿಯದಿದ್ದರೂ ಸರಿ ಎಂದುಕೊಂಡು ನಿಂತೆ. ಅಂಬಲಿ ಆರಿತು. ಮತ್ತೆ ಬಿಸಿ ಮಾಡಿ ತಂದೆ. ಅವಳು ಬಂದಾಗ ಬೆವರಿನಿಂದ ತೊಯ್ದುಹೋಗಿದ್ದಳು, ಕಣ್ಣು ಕೆಂಪಗಿತ್ತು. ನನ್ನ ಮುಂದೆ ನಿಂತು ಲೋಟ ತೆಗೆದುಕೊಂಡಳು, ಒಂದೇ ಉಸಿರಿಗೆ ಕುಡಿದಳು. “ಉಪ್ಪು ಕಮ್ಮಿ ಆಗಿದೆ” ಎಂದು ಲೋಟ ಕೈಗಿಟ್ಟು ಒಳಗೆ ಹೋದಳು. ಕ್ಷಮಿಸಿದೆ ಎನ್ನಲಿಲ್ಲ. ನಾನೂ ಕೇಳಲಿಲ್ಲ.

ಹೊರಡುವ ದಿನ ಕೈಗೆ ಮೊಸರು ಹಾಕಿ ಕಳಿಸಿದೆ. ಕಾಲಿಗೆ ನಮಸ್ಕಾರ ಮಾಡಿ ಎದ್ದವಳು ನನ್ನ ಕೆನ್ನೆ ಹಿಂಡಿ, “ಈ ಸಲ ಯಾರನ್ನೂ ಸಾಯಿಸ್ಬೇಡ ಅಜ್ಜಿ” ಎಂದಳು. ಎಲ್ಲರಿಗಿಂತ ಜೋರಾಗಿ ನಕ್ಕವರು ಭಾವ. ನಾನೂ ನಕ್ಕೆ. ಆ ಮಾತು ಚುಚ್ಚಬೇಕಾದ ಕಡೆ ಚುಚ್ಚಿತು. ಚುಚ್ಚಲಿ. ಅದರ ಜೊತೆಗೇ ಇಷ್ಟು ವರ್ಷದಲ್ಲಿ ಮೊದಲ ಸಲ ಅವಳ ಕಣ್ಣನ್ನು ನಾನು ನೆಟ್ಟಗೆ ನೋಡಿದೆ. ಆ ಸುಖ ಎಷ್ಟು ದೊಡ್ಡದು ಎಂದು ಬರೆಯಲು ನನಗೆ ಮಾತು ಸಾಲದು.

ಇವತ್ತು ಮಧ್ಯಾಹ್ನ ಅವಳ ಫೋನು ಬಂತು, ಜರ್ಮನಿಯಿಂದ. ಚೀಟಿಯಲ್ಲಿ ಈ ಸಲ ಮೊದಲನೆಯ ಹೆಸರು ಅವಳದ್ದು ಬಂದಿಲ್ಲ. ಅಂಥದ್ದು ಎರಡನೆಯ ಸಲ ಬರುವುದಿಲ್ಲ, ನನಗೆ ಗೊತ್ತಿತ್ತು. ಆದರೆ ದನಿಯಲ್ಲಿ ಅದೇ ಹಳೆಯ ಹುಡುಗಿ. “ಅಜ್ಜಿ, ಓಡ್ದೆ ಕಣೇ! ದಾರಿ ಉದ್ದಕ್ಕೂ ಸೇಬಿನ ಮರ! ಕೋಲಿಗೆ ಆಗ್ಲೇ ಎಷ್ಟೊಂದು ದಾರ! ತಾತಂಗೆ ಹೇಳು, ಆ ಬೋಳು ಜಾಗಕ್ಕೆ ಬೊಟ್ಟು ಇಡ್ಲಿ.” ಹಿಂದಿನಿಂದ ಯಾರೋ ಹಾಡುವುದು, ಚಪ್ಪಾಳೆ ಕೇಳುತ್ತಿತ್ತು. ನಾನು ಫೋನು ಹಿಡಿದೇ ಕುಣಿದೆ, ಮಂಡಿನೋವು ಮರೆತು.

ಬೆಳಿಗ್ಗೆಯೇ ಬಂದಿದ್ದ ಭಾವ ಆಗಲೇ ಹರಳೆಣ್ಣೆಯಲ್ಲಿ ಕುಂಕುಮ ಕಲಸಿಟ್ಟಿದ್ದರು. ಅವರ ಕೈ ಈಗ ನಕ್ಷೆಯವರೆಗೆ ಸರಿಯಾಗಿ ಏರುವುದಿಲ್ಲ. ಬಟ್ಟಲನ್ನು ನನ್ನ ಕಡೆ ನೂಕಿ, “ಇಡಮ್ಮ, ಇವತ್ತು ನೀನೇ ಇಡು” ಎಂದರು. ಬೆರಳದ್ದಿ ಕೈ ಎತ್ತಿದೆ. ಆ ಜಾಗದ ಹತ್ತಿರಕ್ಕೆ ಹೋಯಿತು ಬೆರಳು — ಮುಂದೆ ಹೋಗಲಿಲ್ಲ. ಇವತ್ತು ಅಲ್ಲಿ ಓಡಿದವಳು ಒಂದು ಮಗುವಿನ ತಾಯಿ. ಅವತ್ತು ಓಡಬೇಕಾಗಿದ್ದವಳು, ನನ್ನನ್ನು ಎತ್ತಿ ತಿರುಗಿಸಿದವಳು, ಅವಳು ಓಡಲೇ ಇಲ್ಲ. ಆ ಖಾಲಿಯನ್ನು ಮಾಡಿದ ಕೈಯೇ ಅದನ್ನು ಮುಚ್ಚುವುದು ಹೇಗೆ?

ಫೋನಿನಲ್ಲಿ ಹೇಳಿದೆ, “ಆ ಬೊಟ್ಟು ನೀನೇ ಬಂದು ಇಡು ಮಗಳೇ. ಅಲ್ಲೀವರೆಗೂ ಹಾಗೇ ಇರ್ಲಿ.”

“ಸರಿ ಅಜ್ಜಿ” ಎಂದಳು.

ದೇವರ ಮನೆಯಲ್ಲಿ ದೀಪ ಉರಿಯುತ್ತಿದೆ. ಭಾವ ಗೋಡೆಗೊರಗಿ ತೂಕಡಿಸುತ್ತಿದ್ದಾರೆ, ಉಸಿರಾಡುತ್ತಿದ್ದಾರೆಂದು ಆಗಾಗ ತಿರುಗಿ ನೋಡಿಕೊಳ್ಳುತ್ತೇನೆ. ಬೆರಳಿನ ಕುಂಕುಮ ಒರೆಸಿಕೊಳ್ಳದೆಯೇ ಬರೆಯಲು ಕೂತೆ. ಹಾಳೆಯ ಅಂಚಿಗೆಲ್ಲ ಅಲ್ಲಲ್ಲಿ ಕೆಂಪು ತಗುಲಿದೆ.